ಪೆಟ್ಟಿಗೆಯಲ್ಲಿಲ್ಲದ ಬೋಗಿ

ಅಮೆರಿಕದ ಮಾದರಿ ರೈಲಿನ ಅಂಗಡಿಗಳಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ಒಂದು ವ್ಯಾಪಾರವಿದೆ. ಸಾಲಾಗಿ ಜೋಡಿಸಿಟ್ಟ ಪೆಟ್ಟಿಗೆಗಳಲ್ಲಿ ಒಂದರೊಳಗೆ ಸಾಂತಾ ಫೇ ಕಂಪನಿಯ ಬೋಗಿ, ಪಕ್ಕದ್ದರಲ್ಲಿ ಪೆನ್ಸಿಲ್ವೇನಿಯಾ ರೈಲ್‌ರೋಡಿನದು, ಅದರಾಚೆ ಸದರ್ನ್ ರೈಲ್ವೆಯದು. ಬಣ್ಣ ಬೇರೆ, ಅಕ್ಷರ ಬೇರೆ. ಪ್ಲಾಸ್ಟಿಕ್ ಮಾತ್ರ ಒಂದೇ ಅಚ್ಚಿನಿಂದ ಬಂದದ್ದು. ಉಕ್ಕಿನ ಅಚ್ಚು ಕೊರೆಸಲು ತಗಲುವ ಖರ್ಚು ದೊಡ್ಡದು. ಒಂದು ಅಚ್ಚಿನಿಂದ ಹತ್ತು ಕಂಪನಿಗಳ ಬೋಗಿ ಮಾರಿದರಷ್ಟೇ ಅದು ಹುಟ್ಟುತ್ತದೆ. ಆ ಹತ್ತು ಕಂಪನಿಗಳ ಪೈಕಿ ಹಲವು ಅಂಥ ಬೋಗಿಯನ್ನು ಎಂದೂ ಓಡಿಸಿರಲಿಲ್ಲ ಎಂಬುದು ಮಕ್ಕಳಿಗೆ ಬೇಕಿಲ್ಲ, ಹೆಚ್ಚಿನ ದೊಡ್ಡವರಿಗೂ ಬೇಕಿಲ್ಲ.

ಬೇಕು ಎನ್ನುವ ಒಂದು ವರ್ಗವಿದೆ. ಅವರು ಆ ಬೋಗಿಯನ್ನು ಕೊಂಡು ಮನೆಗೆ ಬಂದು ಗರಗಸ ಹಿಡಿಯುತ್ತಾರೆ. ಇನ್ನೊಂದು ಬೋಗಿಯನ್ನೂ ಕತ್ತರಿಸಿ ಎರಡರ ತುಂಡುಗಳನ್ನು ಕೂಡಿಸುತ್ತಾರೆ, ಕಿಟಕಿ ಮುಚ್ಚುತ್ತಾರೆ, ಹೊಸ ಕಿಟಕಿ ಕೊರೆಯುತ್ತಾರೆ. ಯಾವ ಪೆಟ್ಟಿಗೆಯಲ್ಲೂ ಸಿಗದ, ಆದರೆ ಹಳಿಯ ಮೇಲೆ ನಿಜವಾಗಿ ಓಡಿದ್ದ ಒಂದು ಬೋಗಿ ಕೊನೆಗೆ ಮೇಜಿನ ಮೇಲೆ ನಿಲ್ಲುತ್ತದೆ. ಈ ಕೆಲಸಕ್ಕೆ ಅವರಲ್ಲಿ ಕಿಟ್‌ಬ್ಯಾಶಿಂಗ್ ಎಂಬ ಹೆಸರಿದೆ. ಯಾವುದನ್ನು ನೋಡಿ ಮಾಡುತ್ತಾರೋ ಆ ನಿಜವಾದ ಬೋಗಿಯನ್ನು ಪ್ರೊಟೊಟೈಪ್ ಎನ್ನುತ್ತಾರೆ. ನಾವು ಅಸಲಿ ಎಂದುಕೊಳ್ಳೋಣ.

ಈ ಹವ್ಯಾಸ ಅಲ್ಲಿ ಹಳೆಯದು, ಸಂಘಟಿತವೂ ಹೌದು. ಮಿಲ್ವಾಕಿ ನಗರದಲ್ಲಿ 1934ರಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಶುರುವಾಯಿತು. ಮರುವರ್ಷವೇ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಬೇರೆ ಬೇರೆ ತಯಾರಕರ ಗಾಲಿ, ಹಳಿ, ಕೊಂಡಿಗಳು ಒಂದಕ್ಕೊಂದು ಹೊಂದಬೇಕೆಂದು ಅಳತೆಗಳನ್ನು ಗೊತ್ತುಮಾಡಿದ್ದು ಈ ಸಂಘ. ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಎಂಬ ಪ್ರಮಾಣ. ಅದರಲ್ಲಿ ಮಾದರಿಯು ಅಸಲಿಯ 87ನೇ ಒಂದು ಭಾಗ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. 80 ಅಡಿಯ ಬೋಗಿ ಇಲ್ಲಿ 28 ಸೆಂಟಿಮೀಟರ್ ಆಗುತ್ತದೆ. ಲೆಕ್ಕ ಸುಲಭ, ಮೇಜಿನ ಮೇಲೆ ಕಷ್ಟ. ಮನೆಯ ಮೇಜಿನಲ್ಲಿ ಹಿಡಿಸುವ ತಿರುವಿನ ತ್ರಿಜ್ಯ ಸಾಮಾನ್ಯವಾಗಿ 18 ಇಂಚು. ಅದನ್ನು 87ರಿಂದ ಗುಣಿಸಿದರೆ ಸುಮಾರು 40 ಮೀಟರ್. ಅಂಥ ತಿರುವಿನಲ್ಲಿ ಯಾವ ಎಕ್ಸ್‌ಪ್ರೆಸ್ ರೈಲೂ ಹೋಗದು. ಪೂರ್ಣ ಉದ್ದದ ಬೋಗಿಯ ಮೈ ಅಲ್ಲಿ ಹಳಿಯಿಂದಾಚೆ ಚಾಚಿಕೊಂಡು ಪಕ್ಕದ ರೈಲಿಗೆ ತಾಗುತ್ತದೆ. ಅದಕ್ಕೇ ಆಥರ್ನ್‌ನಂಥ ಕಂಪನಿಗಳು ಬೋಗಿಯನ್ನೇ 70 ಅಡಿಯ ಆಸುಪಾಸಿಗೆ ಕುಗ್ಗಿಸಿ ಮಾರಿದವು. ಲಕ್ಷಾಂತರ ಮನೆಗಳ ಮೇಜಿನ ಮೇಲೆ ಈ ಮೋಟು ಬೋಗಿಗಳೇ ಓಡಿದ್ದು. ಹಟವಾದಿಗಳ ಮೊದಲ ತಕರಾರು ಶುರುವಾಗುವುದೂ ಇಲ್ಲಿಂದಲೇ.

ಕಿಟ್‌ಬ್ಯಾಶಿಂಗ್ ಕಲಿಯುವವರು ಹೆಚ್ಚಾಗಿ ಆರಿಸಿಕೊಳ್ಳುವ ಅಸಲಿ ಎಂದರೆ ಪುಲ್ಮನ್ ಕಂಪನಿಯ ಭಾರೀ ಉಕ್ಕಿನ ಮಲಗುವ ಬೋಗಿ. ಪುಲ್ಮನ್ನರ ವ್ಯವಹಾರ ವಿಶಿಷ್ಟವಾದದ್ದು. ಬೋಗಿಗಳನ್ನು ಕಟ್ಟಿ ರೈಲ್ವೆಗಳಿಗೆ ಮಾರಿ ಕೈತೊಳೆದುಕೊಳ್ಳುವ ಬದಲು, ಮಲಗುವ ಬೋಗಿಗಳನ್ನು ತಾವೇ ಇಟ್ಟುಕೊಂಡು, ತಮ್ಮದೇ ಸಿಬ್ಬಂದಿಯೊಂದಿಗೆ ಬೇರೆ ಬೇರೆ ರೈಲ್ವೆಗಳ ಗಾಡಿಗಳಿಗೆ ಜೋಡಿಸುತ್ತಿದ್ದರು. ಹಾಸಿಗೆ ಹಾಸಿ, ಬೂಟು ಪಾಲಿಶ್ ಮಾಡಿ, ರಾತ್ರಿಯೆಲ್ಲ ಎದ್ದಿರುತ್ತಿದ್ದ ಪೋರ್ಟರುಗಳಲ್ಲಿ ಬಹುತೇಕರು ಕಪ್ಪು ಜನ. ಅವರು ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ 1925ರಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದ ಪಡೆದದ್ದು ಅಮೆರಿಕದ ಕಾರ್ಮಿಕ ಚರಿತ್ರೆಯ ದೊಡ್ಡ ಅಧ್ಯಾಯ. ಮಾದರಿ ರೈಲಿನವರು ಬೋಗಿಯ ಒಂದೊಂದು ರಿವೆಟನ್ನೂ ಎಣಿಸುತ್ತಾರೆ, ಈ ಜನರ ಪ್ರತಿಮೆಯೊಂದನ್ನು ಬಾಗಿಲಲ್ಲಿ ನಿಲ್ಲಿಸುವವರು ಕಡಿಮೆ. ಇದು ನನ್ನ ಆಕ್ಷೇಪ. ಇರಲಿ.

ಆ ಬೋಗಿಗಳಲ್ಲಿ ಅತಿ ಸಾಮಾನ್ಯವಾಗಿದ್ದದ್ದು ‘ಹನ್ನೆರಡು–ಒಂದು’ ಎಂಬ ವಿನ್ಯಾಸ: ಹನ್ನೆರಡು ಸೆಕ್ಷನ್, ಒಂದು ಡ್ರಾಯಿಂಗ್ ರೂಮ್. ಸೆಕ್ಷನ್ ಎಂದರೆ ಹಗಲು ಎದುರುಬದುರಾದ ಎರಡು ಆಸನ. ರಾತ್ರಿ ಅವೆರಡೂ ಕೂಡಿ ಕೆಳ ಬರ್ತ್. ಮೇಲಿನ ಬರ್ತ್ ಚಾವಣಿಯ ಅಂಚಿನಿಂದ ಮಡಿಕೆ ಬಿಚ್ಚಿ ಇಳಿಯುತ್ತದೆ. ಮುಂದೆ ದಪ್ಪ ಪರದೆ. ಡ್ರಾಯಿಂಗ್ ರೂಮ್ ಎಂದರೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಒಳಗೇ ಶೌಚಾಲಯ. ಬೋಗಿಯ ಎರಡು ತುದಿಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೈಕಾಲು ಮುಖ ತೊಳೆಯುವ ಕೋಣೆಗಳು. ನೆಲಕ್ಕೆ ಕಾಂಕ್ರೀಟ್ ಸುರಿದಿರುತ್ತಿದ್ದರು. ತೂಕ ಸುಮಾರು 80 ಟನ್. ಅದನ್ನು ಹೊರಲು ಒಂದೊಂದು ತುದಿಗೆ ಆರು ಗಾಲಿಯ ಚೌಕಟ್ಟು.

ಇಷ್ಟನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಹೊರಗಿನಿಂದ ಕಾಣುವ ಕಿಟಕಿಗಳ ಸಾಲು ಒಳಗಿನ ನಕ್ಷೆಯನ್ನು ಚಾಚೂ ತಪ್ಪದೆ ಅನುಸರಿಸುತ್ತದೆ. ಜೋಡಿ ಕಿಟಕಿ ಕಂಡಲ್ಲಿ ಸೆಕ್ಷನ್ ಇದೆ. ಮಸುಕು ಗಾಜಿನ ಸಣ್ಣ ಕಿಟಕಿ ಕಂಡರೆ ಶೌಚಾಲಯ. ಡ್ರಾಯಿಂಗ್ ರೂಮ್ ಒಂದು ಪಕ್ಕಕ್ಕಿದ್ದು, ಅದರ ಎದುರಿಗೆ ಓಣಿಯಿರುವುದರಿಂದ ಬೋಗಿಯ ಎಡ ಬಲಗಳು ಒಂದೇ ಥರ ಇರುವುದಿಲ್ಲ. ಒಂದು ಕಡೆಯ ಫೋಟೊ ನೋಡಿ ಎರಡೂ ಕಡೆ ಮಾಡಿದರೆ ಕೆಲಸ ಕೆಟ್ಟಿತು. ಆದ್ದರಿಂದ ಪಳಗಿದವರು ಮೊದಲು ಕೈಗೆತ್ತಿಕೊಳ್ಳುವುದು ಗರಗಸವನ್ನಲ್ಲ, ನೆಲನಕ್ಷೆಯನ್ನು. ಪುಲ್ಮನ್ ಪ್ರತಿ ವಿನ್ಯಾಸಕ್ಕೂ ಒಂದು ಪ್ಲಾನ್ ಸಂಖ್ಯೆ ಕೊಟ್ಟಿತ್ತು. ಹನ್ನೆರಡು–ಒಂದರಲ್ಲಿ 3410 ಎಂಬುದು ಹವ್ಯಾಸಿಗಳ ನಾಲಿಗೆಯ ಮೇಲೇ ಇರುವ ಸಂಖ್ಯೆ. ಕಂಪನಿಯ ಕಡತಗಳ ದೊಡ್ಡ ಸಂಗ್ರಹ ಈಗ ಷಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಬೋಗಿಗೆ ತೆಗೆಯುತ್ತಿದ್ದ ಅಧಿಕೃತ ಫೋಟೊಗಳ ಗಾಜಿನ ನೆಗೆಟಿವ್‌ಗಳು ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿವೆ.

ಆ ಅಧಿಕೃತ ಫೋಟೊಗಳನ್ನು ಕಣ್ಣುಮುಚ್ಚಿ ನಂಬಿದವರು ಎಡವುವ ಜಾಗ ಒಂದಿದೆ. ಫೋಟೊದಲ್ಲಿರುವುದು ಬೋಗಿಯ ಮೊದಲ ದಿನದ ಮುಖ. ಬೋಗಿ ಓಡಿದ್ದು ನಲವತ್ತು ವರ್ಷ. ಈ ನಡುವೆ ಅದಕ್ಕೆ ಏನೇನೋ ಆಗಿದೆ. 1930ರಲ್ಲಿ ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆ ‘ಮಾರ್ಥಾ ವಾಷಿಂಗ್ಟನ್’ ಎಂಬ ಊಟದ ಬೋಗಿಗೆ ಹವಾನಿಯಂತ್ರಣ ಅಳವಡಿಸಿತು. 1931ರಲ್ಲಿ ಅದೇ ರೈಲ್ವೆಯ ‘ಕೊಲಂಬಿಯನ್’ ಗಾಡಿ ಪೂರ್ತಿ ಹವಾನಿಯಂತ್ರಿತವಾಯಿತು. ಆಮೇಲೆ ಪುಲ್ಮನ್ ಕೂಡ ತನ್ನ ಬೋಗಿಗಳನ್ನು ಒಂದರ ಹಿಂದೊಂದು ಕಾರ್ಖಾನೆಗೆ ಕರೆಸಿಕೊಂಡಿತು. ಕೆಲವಕ್ಕೆ ಮಂಜುಗಡ್ಡೆಯಿಂದ ತಂಪು ಮಾಡುವ ವ್ಯವಸ್ಥೆ, ಕೆಲವಕ್ಕೆ ಎಂಜಿನ್ನಿನ ಹಬೆಯಿಂದ ನಡೆಯುವಂಥದು, ಇನ್ನು ಕೆಲವಕ್ಕೆ ಕಂಪ್ರೆಸರ್. ಒಂದೊಂದಕ್ಕೂ ಬೋಗಿಯ ಹೊಟ್ಟೆಯ ಕೆಳಗೆ ಬೇರೆ ಬೇರೆ ಪೆಟ್ಟಿಗೆಗಳು. ಮೂರಕ್ಕೂ ಸಮಾನವಾದದ್ದು, ತಂಪು ಗಾಳಿಯನ್ನು ಉದ್ದಕ್ಕೂ ಹಂಚುವ ಕೊಳವೆ. ಅದಕ್ಕೆ ಒಳಗೆ ಜಾಗವಿರಲಿಲ್ಲ. ಚಾವಣಿಯ ಮೇಲೆ ಹೊರಿಸಿದರು.

ಆ ಕಾಲದ ಬೋಗಿಯ ಚಾವಣಿ ಎರಡು ಹಂತದ್ದು. ಮಧ್ಯದ ಎತ್ತರದ ಭಾಗದ ಅಕ್ಕಪಕ್ಕ ಬೆಳಕಿಗೂ ಗಾಳಿಗೂ ಸಣ್ಣ ಕಿಟಕಿಗಳ ಸಾಲು. ಗಾಳಿಯ ಕೊಳವೆ ಈ ಮೆಟ್ಟಿಲಿನ ಸಂದಿಯನ್ನೇ ತುಂಬಿಕೊಂಡು ಕೂತಿತು. ಕೆಲವು ಬೋಗಿಗಳಿಗೆ ಒಂದೇ ಪಕ್ಕ, ಕೆಲವಕ್ಕೆ ಎರಡೂ ಪಕ್ಕ, ಕೆಲವಕ್ಕೆ ಪೂರ್ತಿ ಉದ್ದ, ಕೆಲವಕ್ಕೆ ಅರ್ಧಕ್ಕೆ ನಿಂತು ಇಳಿಜಾರಾದದ್ದು. ಹಾಗಾಗಿ ಒಂದೇ ಪ್ಲಾನಿನ, ಒಂದೇ ತಿಂಗಳು ತಯಾರಾದ ಎರಡು ಬೋಗಿಗಳು 1940ರ ಹೊತ್ತಿಗೆ ಮೇಲಿನಿಂದ ನೋಡಿದರೆ ಬೇರೆ ಬೇರೆ. ಇದರ ಮೇಲೆ ಸೆಕ್ಷನ್ ಕಿತ್ತುಹಾಕಿ ಕೋಣೆಗಳನ್ನು ಮಾಡಿದ ಬೋಗಿಗಳೂ ಇದ್ದವು. ಅಂಥವುಗಳ ಕಿಟಕಿಯ ಸಾಲೂ ಬದಲಾಯಿತು.

ಇಲ್ಲಿಂದಲೇ ಈ ಕೆಲಸದ ನಿಜವಾದ ನಿಯಮ ಹೊರಡುತ್ತದೆ. ‘ಪುಲ್ಮನ್ ಬೋಗಿ’ಯ ಮಾದರಿ ಮಾಡುತ್ತೇನೆ ಎಂದು ಹೊರಟವರು ಏನನ್ನೂ ಮಾಡುತ್ತಿಲ್ಲ. ಇಂಥ ಹೆಸರಿನ, ಇಂಥ ವರ್ಷದ ಬೋಗಿ ಎಂದು ಗೊತ್ತುಮಾಡಿಕೊಂಡ ಮೇಲಷ್ಟೇ ಕೆಲಸ ಶುರು. ವರ್ಷ ಬರೆದುಕೊಳ್ಳದ ಮಾದರಿ ಎಷ್ಟೇ ನಾಜೂಕಾಗಿದ್ದರೂ ನನ್ನ ಮಟ್ಟಿಗೆ ಅದು ಒಳ್ಳೆಯ ಆಟಿಕೆ. ವರ್ಷಕ್ಕೆ ಚಾವಣಿಯಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ನಿಜವಾದ ರೈಲನ್ನು ನಾವು ಪ್ಲಾಟ್‌ಫಾರ್ಮಿನಲ್ಲಿ ನಿಂತು ಪಕ್ಕದಿಂದ ನೋಡುತ್ತೇವೆ, ಮಾದರಿ ರೈಲನ್ನು ಮೇಜಿನ ಪಕ್ಕ ನಿಂತು ಮೇಲಿನಿಂದ ನೋಡುತ್ತೇವೆ. ಅಸಲಿಯಲ್ಲಿ ಯಾರ ಕಣ್ಣಿಗೂ ಬೀಳದ ಭಾಗವೇ ಮಾದರಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು. ಫೋಟೊಗಳೋ, ನೂರಕ್ಕೆ ತೊಂಬತ್ತು ಪಾಲು ನೆಲದಲ್ಲಿ ನಿಂತು ತೆಗೆದವು. ಯಾರೋ ಮೇಲ್ಸೇತುವೆಯಿಂದ ಬಗ್ಗಿ ತೆಗೆದ ಒಂದು ಮಸುಕು ಚಿತ್ರ ಹವ್ಯಾಸಿಗಳ ನಡುವೆ ಕೈಯಿಂದ ಕೈಗೆ ಹೋಗುವುದು ಅದಕ್ಕೇ.

ಇನ್ನು ಕೈಕೆಲಸ. ಕಚ್ಚಾವಸ್ತುವಾಗಿ ಅನೇಕರು ಬಳಸಿದ್ದು ಇಟಲಿಯ ಕೋಮೊದಲ್ಲಿ 1945ರಲ್ಲಿ ಶುರುವಾದ ರಿವರೊಸ್ಸಿ ಕಂಪನಿಯ ಪೂರ್ಣ ಉದ್ದದ ಹನ್ನೆರಡು–ಒಂದು ಬೋಗಿ. ಮೈ ಚೆನ್ನಾಗಿದೆ, ಗಾಲಿಗಳ ಅಂಚು ಮಾತ್ರ ಬಹಳ ಆಳ. ಸಣ್ಣ ಹಳಿಯಲ್ಲಿ ಮೊಳೆಗಳ ತಲೆ ತಾಗಿಸಿಕೊಂಡು ಕಟಕಟ ಎನ್ನುತ್ತ ಹೋಗುತ್ತದೆ. ಅದನ್ನು ಬದಲಿಸಬೇಕು. ಗಾಲಿಯ ಚೌಕಟ್ಟಿಗೆ ಅಂಟಿಕೊಂಡ ಕೊಂಡಿಯನ್ನು ಕಿತ್ತು, ಕೇಡೀ ಕಂಪನಿಯ ಕೊಂಡಿಯನ್ನು ಬೋಗಿಯ ಮೈಗೇ ಕೂರಿಸಬೇಕು. ಹಾಗೆ ಮಾಡಿದರೆ ಎರಡು ಬೋಗಿಗಳ ನಡುವಿನ ಅಸಹ್ಯ ಅಂತರ ಕಡಿಮೆಯಾಗುತ್ತದೆ.

ಬೇಡದ ಕಿಟಕಿಯನ್ನು ಮುಚ್ಚುವುದು ಕೇಳಲು ಸಣ್ಣ ಕೆಲಸ, ಮಾಡುವಾಗ ತಾಳ್ಮೆಯ ಪರೀಕ್ಷೆ. ಮೊದಲು ಕಿಟಕಿಯ ಗುಂಡಾದ ಮೂಲೆಗಳನ್ನು ಅರದಿಂದ ತಿಕ್ಕಿ ಚೌಕ ಮಾಡಬೇಕು. ಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯಿಂದ ಒಂದು ತುಂಡನ್ನು ಕೂದಲೆಳೆಯಷ್ಟು ದೊಡ್ಡದಾಗಿ ಕತ್ತರಿಸಿ, ತಿಕ್ಕಿ ತಿಕ್ಕಿ ಬಿಗಿಯಾಗಿ ಕೂರುವಂತೆ ಮಾಡಬೇಕು. ಒಳಗಡೆಯಿಂದ ಕುಂಚದ ತುದಿಯಲ್ಲಿ ದ್ರವ ಸಿಮೆಂಟ್ ಮುಟ್ಟಿಸಿದರೆ ಅದು ಸಂದಿನಲ್ಲಿ ತಾನೇ ಹರಿದು ಎರಡೂ ಪ್ಲಾಸ್ಟಿಕ್‌ಗಳನ್ನು ಕರಗಿಸಿ ಒಂದು ಮಾಡುತ್ತದೆ. ಇದು ಅಂಟಲ್ಲ, ಬೆಸುಗೆ. ಆಮೇಲೆ ಒಂದು ದಿನ ಮುಟ್ಟಬಾರದು. ಕರಗಿದ ಪ್ಲಾಸ್ಟಿಕ್ ಒಣಗುತ್ತ ಕುಗ್ಗುತ್ತದೆ. ಅವಸರದಲ್ಲಿ ಅಂದೇ ಉಪ್ಪುಕಾಗದ ಹಾಕಿ ಸಮ ಮಾಡಿದರೆ, ಮರುವಾರ ಬಣ್ಣ ಬಳಿದ ಮೇಲೆ ಬೆಳಕಿಗೆ ಹಿಡಿದಾಗ ಕಿಟಕಿಯಿದ್ದ ಜಾಗದಲ್ಲಿ ಆಯತಾಕಾರದ ತಗ್ಗು ಎದ್ದು ಕಾಣುತ್ತದೆ. ಮುಚ್ಚಿದ ಜಾಗದ ಮೇಲೆ ಹಾದುಹೋಗುವ ರಿವೆಟ್ ಸಾಲನ್ನು ಮತ್ತೆ ಕೂರಿಸಲು ಈಗ ಒಂದು ಉಪಾಯ ಬಂದಿದೆ: ನೀರಿನಲ್ಲಿ ನೆನೆಸಿ ಅಂಟಿಸುವ ಡೀಕಾಲ್ ಹಾಳೆಯ ಮೇಲೆ ರಾಳದ ಸಣ್ಣ ಗುಬ್ಬಿಗಳು. ಒಂದಿಂಚಿನ ರಿವೆಟ್ ತಲೆ ಇಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಆದರೂ ಸಾಲು ಸೊಟ್ಟಗಾದರೆ ಕಣ್ಣಿಗೆ ತಕ್ಷಣ ಸಿಗುತ್ತದೆ.

ಮೋಟು ಬೋಗಿಯನ್ನು ಉದ್ದ ಮಾಡುವವರ ದಾರಿ ಬೇರೆ. 70 ಅಡಿಯದನ್ನು 80 ಮಾಡಲು ಎರಡನೆಯ ಬೋಗಿಯಿಂದ 35 ಮಿಲಿಮೀಟರಿನ ತುಂಡು ಸಾಕು. ಎಲ್ಲಿ ಕತ್ತರಿಸಬೇಕೆಂಬುದರಲ್ಲಿ ಜಾಣತನವಿದೆ. ಅಸಲಿಯಲ್ಲಿ ಎರಡು ತಗಡು ಸೇರುವ, ರಿವೆಟ್ ಸಾಲಿರುವ ಜಾಗದಲ್ಲಿ ಕತ್ತರಿಸಿದರೆ ನಮ್ಮ ಬೆಸುಗೆಯೂ ಅದೇ ಗೆರೆಯಲ್ಲಿ ಅಡಗುತ್ತದೆ. ಗರಗಸದ ಹಲ್ಲು ತಿನ್ನುವ ಪುಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಕ್ಕದ ಗೋಡೆಯನ್ನು ಕತ್ತರಿಸಿದ ನೇರಕ್ಕೇ ಚಾವಣಿಯನ್ನೂ ಕತ್ತರಿಸಿದರೆ ಬೋಗಿ ಅಲ್ಲೇ ಮುರಿಯುತ್ತದೆ. ಆದ್ದರಿಂದ ಚಾವಣಿಯ ಬೆಸುಗೆಯನ್ನು ನಾಲ್ಕಾರು ಕಿಟಕಿ ಆಚೆಗೆ ಸರಿಸುವುದು ರೂಢಿ. ಇಷ್ಟು ಕಷ್ಟ ಬೇಡವೆನ್ನುವವರು ಅಸಲಿಯ ಕಿಟಕಿಗಳಿಗೆ ತಕ್ಕಂತೆ ಆಮ್ಲದಲ್ಲಿ ಕೊರೆದ ಹಿತ್ತಾಳೆಯ ಪಕ್ಕಗಳನ್ನು ಕೊಂಡು ಬೋಳು ಮೈಗೆ ಅಂಟಿಸುತ್ತಾರೆ. ಈಚೆಗೆ ತ್ರೀಡಿ ಪ್ರಿಂಟರಿನಿಂದ ಬೇಕಾದ ತುಂಡನ್ನೇ ಅಚ್ಚುಹಾಕಿಕೊಳ್ಳುವವರೂ ಇದ್ದಾರೆ. ಗರಗಸದ ಕೆಲಸ ಕಡಿಮೆಯಾಗಿದೆ, ಹುಡುಕಾಟದ ಕೆಲಸ ಹಾಗೇ ಉಳಿದಿದೆ. ಪ್ರಿಂಟರಿಗೂ ಅಳತೆಯನ್ನು ಯಾರಾದರೂ ಹೇಳಲೇಬೇಕಲ್ಲ.

ಗಾಳಿಯ ಕೊಳವೆಗೆ ತೆಳು ಪಟ್ಟಿಗಳನ್ನು ಪಕ್ಕೆಲುಬಿನಂತೆ ಚಾವಣಿಯ ಮೆಟ್ಟಿಲಲ್ಲಿ ಅಂಟಿಸಿ, ಮೇಲೆ ಕಾಲು ಮಿಲಿಮೀಟರ್ ದಪ್ಪದ ಹಾಳೆ ಬಾಗಿಸಿ ಹೊದಿಸುತ್ತಾರೆ. ತುದಿಯ ಇಳಿಜಾರನ್ನು ಪುಟ್ಟಿಯಿಂದ ತಿದ್ದುತ್ತಾರೆ. ಬೋಗಿ ಹಗುರಾದರೆ ಹಳಿ ತಪ್ಪುತ್ತದೆ, ಅದಕ್ಕೂ ಹವ್ಯಾಸಿಗಳ ಸಂಘದ ಸೂತ್ರವಿದೆ: ಎಚ್‌ಒದಲ್ಲಿ ಒಂದು ಔನ್ಸ್, ಜೊತೆಗೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. 11 ಇಂಚಿನ ಬೋಗಿಗೆ ಆರೂವರೆ ಔನ್ಸ್, ಅಂದರೆ ಸುಮಾರು 184 ಗ್ರಾಂ.

ಪುಲ್ಮನ್‌ನ ಹಳೆಯ ಬಣ್ಣ ಕಡು ಹಸಿರು. ಡಬ್ಬಿಯಲ್ಲಿದ್ದ ಹಾಗೆಯೇ ಬಳಿದರೆ ಕೋಣೆಯ ದೀಪದಲ್ಲಿ ಬೋಗಿ ಕಪ್ಪಗೆ ಕಾಣುತ್ತದೆ. ಬಿಸಿಲಿನಲ್ಲಿ ನಿಂತ ದೊಡ್ಡ ಬೋಗಿಯ ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗಿನ ಸಣ್ಣ ಬೋಗಿಗೆ ತರಬೇಕಾದರೆ ಸ್ವಲ್ಪ ತಿಳಿಗೊಳಿಸಲೇಬೇಕು. ಇದನ್ನು ಒಪ್ಪದೆ ಕಾರ್ಖಾನೆಯ ಬಣ್ಣದ ಚೀಟಿ ಹಿಡಿದು ವಾದಿಸುವವರಿದ್ದಾರೆ. ನನಗೆ ಕಣ್ಣು ಹೇಳುವುದೇ ಸರಿ ಅನ್ನಿಸುತ್ತದೆ. ಹೊಳಪು ಬಣ್ಣದ ಮೇಲೆ ಡೀಕಾಲ್ ಕೂರಿಸಿ, ಕೊನೆಗೆ ಮಂದ ವಾರ್ನಿಷ್. ಕಿಟಕಿಗಳ ಮೇಲಿನ ಪಟ್ಟಿಯಲ್ಲಿ ‘ಪುಲ್ಮನ್’ ಎಂದೂ, ಕಿಟಕಿಯ ಕೆಳಗೆ ನಡುಮಧ್ಯೆ ಬೋಗಿಯ ಹೆಸರೂ ಚಿನ್ನದ ಅಕ್ಷರದಲ್ಲಿ. ಹೌದು, ಬಹುಪಾಲು ಮಲಗುವ ಬೋಗಿಗಳಿಗೆ ಒಂದೊಂದು ಹೆಸರಿತ್ತು. ಸಿದ್ಧ ಹೆಸರು ಸಿಗದಿದ್ದರೆ ಅಕ್ಷರ ಅಕ್ಷರ ಕೂಡಿಸಿ ಬರೆಯಬೇಕು. ಹೆಸರು ಕೂತ ಮೇಲೆ ಸುಳ್ಳಿಗೆ ಜಾಗವಿಲ್ಲ. ಆ ಹೆಸರಿನ ಬೋಗಿಗೆ ಕೊಳವೆ ಯಾವ ಪಕ್ಕ ಇತ್ತೆಂದು ಬಲ್ಲವರು ಎಲ್ಲಾದರೂ ಒಬ್ಬರು ಇದ್ದೇ ಇರುತ್ತಾರೆ.

ಮೂರು ಅಡಿ ದೂರದಿಂದ ಚೆನ್ನಾಗಿ ಕಂಡರೆ ಸಾಕು ಎನ್ನುವ ಪಂಗಡವೂ ಅಲ್ಲಿದೆ. ರಿವೆಟ್ ಎಣಿಸುವವರೆಂದು ಅವರು ಎದುರು ಪಕ್ಷವನ್ನು ಗೇಲಿ ಮಾಡುತ್ತಾರೆ. ನೂರು ಬೋಗಿ ಬೇಕಾದವರಿಗೆ ಮೂರಡಿಯ ನಿಯಮವೇ ಸರಿ. ಒಂದನ್ನು ಅಸಲಿಗೆ ಸರಿಯಾಗಿ ಮಾಡಬೇಕೆಂದವರಿಗೆ ಅದು ಸಾಲದು.

ನಮ್ಮ ಕಡೆಗೆ ಬರೋಣ. ಚೆನ್ನೈನ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು ಉದ್ಘಾಟನೆಯಾದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ (ಐಸಿಎಫ್), ಸ್ವಿಟ್ಜರ್ಲೆಂಡಿನ ಷ್ಲೀರನ್ ಕಂಪನಿಯ ವಿನ್ಯಾಸದಲ್ಲಿ ಬೋಗಿ ಕಟ್ಟಲು ತೊಡಗಿತು. ಬೆಂಗಳೂರಿನಲ್ಲಿ ಮೊದಲು ಎಚ್‌ಎಎಲ್ ರೈಲು ಬೋಗಿ ಮಾಡುತ್ತಿತ್ತು. 1964ರಲ್ಲಿ ಹುಟ್ಟಿದ ಬಿಇಎಂಎಲ್ ಆ ಕೆಲಸ ವಹಿಸಿಕೊಂಡು ಇದೇ ಐಸಿಎಫ್ ಮಾದರಿಯ ಬೋಗಿಗಳನ್ನೂ ಕಟ್ಟಿತು. ಐಸಿಎಫ್ ಬೋಗಿಯ ಮೈ ಉದ್ದ 21,337 ಮಿಲಿಮೀಟರ್, ಅಂದರೆ 70 ಅಡಿ. ಅಮೆರಿಕದವರು ಮೂಗು ಮುರಿಯುವ ಮೋಟು ಬೋಗಿಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ! ಎಚ್‌ಒದಲ್ಲಿ 245 ಮಿಲಿಮೀಟರ್. ಹಾಗೆಂದು ಅದನ್ನು ತಂದು ನೀಲಿ ಬಳಿದರೆ ಆಗದು. ನಮ್ಮದರ ಅಗಲ 3,245 ಮಿಲಿಮೀಟರ್. ಅವರದು ಸುಮಾರು 10 ಅಡಿ, ಮಾದರಿಯಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು ಕಿರಿದು. ಕಿಟಕಿ, ಸರಳು, ಬಾಗಿಲು ಯಾವುದೂ ಹೊಂದುವುದಿಲ್ಲ. ಪಕ್ಕಗಳನ್ನು ಹೊಸದಾಗಿ ಮಾಡುವುದೇ ಲೇಸು. ನಮ್ಮ ಬ್ರಾಡ್‌ಗೇಜ್ ಈ ಪ್ರಮಾಣದಲ್ಲಿ 19 ಮಿಲಿಮೀಟರ್ ದಾಟುತ್ತದೆ, ಸಿಗುವ ಹಳಿ 16.5. ಹೆಚ್ಚಿನವರು ಇದನ್ನು ನುಂಗಿಕೊಳ್ಳುತ್ತಾರೆ. ಮೇಲಿನಿಂದ ನೋಡುವ ಕಣ್ಣಿಗೆ ಗಾಲಿ ಕಾಣುವುದು ಅಷ್ಟಕ್ಕಷ್ಟೆ.

ಚಾವಣಿಯ ಪಾಠ ಮಾತ್ರ ಇಲ್ಲಿಗೂ ಹೊಂದುತ್ತದೆ. ಹಳೆಯ ಎ.ಸಿ. ಬೋಗಿಗಳ ಯಂತ್ರ ಹೊಟ್ಟೆಯ ಕೆಳಗಿತ್ತು. ಆಮೇಲಿನವುಗಳಲ್ಲಿ ಅದು ಎರಡು ತುದಿಯ ಚಾವಣಿಗೆ ಏರಿತು. ಸಾಮಾನ್ಯ ಸ್ಲೀಪರಿನ ಮೇಲೆ ಗಾಳಿಗಿಂಡಿಗಳ ಸಾಲು. ಹಳೆಯ ಐಸಿಎಫ್ ಬೋಗಿಗಳ ಕಿಟಕಿ ಬಾಗಿಲಿಗೆ ತಗಡು ಹೊಡೆದು, ತುದಿಯಲ್ಲಿ ಬಾಗಿಲಿಟ್ಟು ಕಾರು ಸಾಗಿಸುವ ವ್ಯಾಗನ್ ಮಾಡುತ್ತಿರುವುದು ಸ್ವತಃ ರೈಲ್ವೆಯೇ. ಕಿಟ್‌ಬ್ಯಾಶಿಂಗನ್ನು ನಿಜದ ಅಳತೆಯಲ್ಲಿ ಮಾಡುವವರೆಂದರೆ ಅವರೇ ಅನ್ನಬೇಕು.

ಐಸಿಎಫ್ ವಿನ್ಯಾಸದ ಬೋಗಿಯ ತಯಾರಿಕೆಯನ್ನು ಪೆರಂಬೂರು 2018ರ ಜನವರಿಯಲ್ಲಿ ನಿಲ್ಲಿಸಿತು. ಆ ಜಾಗಕ್ಕೆ ಜರ್ಮನ್ ಮೂಲದ ಎಲ್‌ಎಚ್‌ಬಿ ಬೋಗಿಗಳು ಬಂದಿವೆ. ನಮ್ಮಲ್ಲಿ ಎರಡು ತಲೆಮಾರು ಊರಿಗೆ ಹೋಗಿಬಂದದ್ದು ಈ ಹಳೆಯ ಬೋಗಿಗಳಲ್ಲೇ. ಅವುಗಳ ಪಕ್ಕದ ಚಿತ್ರಗಳು ಎಲ್ಲರ ಮೊಬೈಲಿನಲ್ಲಿವೆ, ಮೇಲಿನಿಂದ ತೆಗೆದವು ಅಪರೂಪ. ಮನೆಯ ಹಳೆಯ ಆಲ್ಬಮ್ಮಿನಲ್ಲಿ ಪಾದಚಾರಿ ಸೇತುವೆಯಿಂದ ತೆಗೆದ ರೈಲಿನ ಫೋಟೊ ಇದ್ದರೆ ಎಸೆಯಬೇಡಿ. ಊರು, ತಾರೀಕು ನೆನಪಿದ್ದರೆ ಹಿಂಬದಿಗೆ ಬರೆದಿಡಿ. ಉಳಿದ ಐಸಿಎಫ್ ಬೋಗಿ ಎಲ್ಲಾದರೂ ನಿಂತಿದ್ದು ಕಂಡರೆ ಅದರ ಸಂಖ್ಯೆಯನ್ನೂ ಗುರುತುಹಾಕಿಕೊಳ್ಳಿ. ಐದಂಕಿಯ ಸಂಖ್ಯೆಯಾದರೆ ಮೊದಲ ಎರಡು ಅಂಕಿ ಸಾಮಾನ್ಯವಾಗಿ ಅದು ತಯಾರಾದ ವರ್ಷ.